ಅಳತೆ ಪುಸ್ತಕ

ಸೌಖ್ಯವಾ ಅಂತ ಕೇಳುತ್ತೇನೆ,
ಕೊರಳಿಂದ ಟೇಪು ಇಳಿಸುತ್ತ.
ಸೌಖ್ಯ ಅನ್ನುತ್ತಾರೆ.
ಉರ್ವ ಮಾರ್ಕೆಟ್ಟಿನ ಹಿಂದೆ, ಒಂದೇ ಶಟರಿನ ಈ ಕೋಣೆಯಲ್ಲಿ
ಇಪ್ಪತ್ತಾರು ವರ್ಷ ಕೈ ಎತ್ತಿ ನಿಂತ ಹೆಂಗಸರಲ್ಲಿ
ಸೌಖ್ಯ ಇಲ್ಲ ಅಂದವರು ಒಬ್ಬರೂ ಇಲ್ಲ.

ಟೇಪಿಗೆ ಆ ಮರ್ಯಾದೆ ಗೊತ್ತಿಲ್ಲ.
ಹೋದ ವರ್ಷ ಇಷ್ಟು, ಈ ವರ್ಷ ಇಷ್ಟು ಅಂತ
ಎದುರಿಗೇ ಹೇಳಿಬಿಡುತ್ತದೆ.

ಹಿಲ್ಡಾ ಬಾಯಿಯ ಹೆಸರು ಬರೆಯಬಹುದು,
ತಮ್ಮ ಕತೆ ಅವರೇ ಬಸ್ಸಿನಲ್ಲಿ ಎಲ್ಲರಿಗೂ ಹೇಳುತ್ತಾರೆ.
ಆಪರೇಷನ್ ಆಗಿ ಮೂರು ತಿಂಗಳಿಗೆ ಬಂದು, ಪರದೆಯ ಒಳಗೆ,
"ಎಡಗಡೆ ಅಳೆಯುವುದು ಬೇಡ, ಅಲ್ಲಿ ಎಂತದೂ ಇಲ್ಲ" ಅಂದರು,
ಮೀನಿನ ತಲೆ ಬೇಡ ಅನ್ನುವ ಹಾಗೆ.
ಹತ್ತಿ ತುಂಬಿ ಒಂದು ಸಣ್ಣ ಚೀಲ ಹೊಲಿದು ಕೊಟ್ಟೆ.
ಭಾನುವಾರ ಇಗರ್ಜಿಯಲ್ಲಿ ಮೊಣಕಾಲೂರಿದಾಗ
ಅದು ಮೆಲ್ಲ ಕುತ್ತಿಗೆಗೆ ಹತ್ತಿತಂತೆ.
ನಕ್ಕೆವು, ಹೊಟ್ಟೆ ಹಿಡಿದುಕೊಂಡು.
ಮತ್ತೆ ಬಿಚ್ಚಿ ಎರಡು ಹಿಡಿ ಸಾಸಿವೆ ಸೇರಿಸಿದೆ, ಭಾರಕ್ಕೆ.
ಅಂಗೈಯಲ್ಲಿಟ್ಟು ತೂಗಿ ನೋಡಿ ಅವರು
ತುಂಬ ಹೊತ್ತು ಕೆಳಗಿಡಲಿಲ್ಲ.

ಇನ್ನೊಬ್ಬಳ ಹೆಸರು ಬೇಡ.
ಎರಡನೇ ಬಾಣಂತನ ಮುಗಿಸಿ ಬಂದಿದ್ದಳು.
ಮದುವೆಗೆ ಮೊದಲಿನ ಅಳತೆಗಿಂತಲೂ
ಸೊಂಟ ಎರಡಿಂಚು ಕಡಿಮೆ.
ಹೊರಗೆ ನಾದಿನಿಯ ತೊಡೆಯಲ್ಲಿ ಮಗು ಅಳುತ್ತಿತ್ತು.
ನನಗೆ ಕೇಳಿತು. ಪಕ್ಕದ ಜಿನಸಿನ ಅಂಗಡಿಯವನಿಗೂ ಕೇಳಿತು.
ಅವಳು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು,
ಮಗುಚಲು ಮರೆತ, ಮುಗಿದುಹೋದ ತಿಂಗಳನ್ನು.
ನಾನು ಕೇಳಬೇಕಿತ್ತು.
ನಾನು ಬರೆದೆ: ಸೊಂಟ ೨೪, ಒಳಗೆ ಬಟ್ಟೆ ಬಿಡುವುದು.
ಆಮೇಲೆ ಬರಲಿಲ್ಲ.
ಹಸಿರು ಚೂಡಿದಾರ ಈಗಲೂ ಮೊಳೆಯಲ್ಲಿ ಉಂಟು.
ಆಗಾಗ ಧೂಳು ಕೊಡವುತ್ತೇನೆ.

ನನ್ನದು ಹೇಳಲು ಅಷ್ಟು ದೊಡ್ಡದೇನಲ್ಲ.
ನಲವತ್ತೊಂಬತ್ತು. ರಾತ್ರಿ ಎರಡೂವರೆಗೆ ಎಚ್ಚರ,
ಬೆನ್ನಿಗೆ ಇಸ್ತ್ರಿಪೆಟ್ಟಿಗೆ ಇಟ್ಟ ಹಾಗೆ ಬಿಸಿ,
ಮರುಕ್ಷಣ ಒದ್ದೆ ತಲೆದಿಂಬು.
ತಿಂಗಳದ್ದು ಬಂದರೆ ಬಂತು, ಬಾರದಿದ್ದರೆ ಇಲ್ಲ.
"ಗ್ಯಾಸು" ಅಂದರು ಗಂಡ, ಜೀರಿಗೆ ಕಷಾಯ ಮಾಡಿಕೊಟ್ಟರು.
ಕುಡಿದೆ, ಪಾಪ ಅಂತ.
ಸೂಜಿಗೆ ನೂಲು ಸೇರದಿದ್ದರೆ ಅಳು. ಸೇರಿದರೂ ಅಳು.
ಬೊಂಡಂತಿಲದ ಮದುಮಗಳ ರೇಷ್ಮೆಯ ಮೇಲೆ ಒಂದು ದಿನ
ಚಾಕಿನ ಗೆರೆ ದಾಟಿ ಕತ್ತರಿ ಓಡಿತು.
ಎರಡಾದ ಬಟ್ಟೆಯನ್ನು ನೋಡುತ್ತ ಕೂತೆ,
ಕತ್ತರಿ ಹಿಡಿದದ್ದು ಯಾರದೋ ಕೈ ಅನ್ನುವ ಹಾಗೆ.

ವಾರಿಜ ಶಟರನ್ನು ಅರ್ಧ ಎಳೆದಳು.
ಕಲಿಯಲು ಬಂದವಳು, ಇಪ್ಪತ್ತೆರಡು, ಮಾತು ಕಡಿಮೆ.
ಟೇಪು ತೆಗೆದುಕೊಂಡು "ಕೈ ಎತ್ತಿ ಅಕ್ಕ" ಅಂದಳು.
ಈ ಕೆಂಪು ರಟ್ಟಿನ ಪುಸ್ತಕದಲ್ಲಿ ನನಗೆ ಪುಟ ಇರಲಿಲ್ಲ.
ಹಳೆಯ ರವಕೆ ಇಟ್ಟು ಹೊಸದು ಕತ್ತರಿಸುವವಳು ನಾನು,
ಅಂದರೆ ಇಷ್ಟು ವರ್ಷವೂ
ಮೂವತ್ತೆರಡು ವಯಸ್ಸಿನವಳೊಬ್ಬಳಿಗೆ ಹೊಲಿಯುತ್ತಿದ್ದೆ.
ವಾರಿಜ ಅಳತೆ ಓದಿ ಹೇಳಿದಳು.
ಒಂದೂ ನನ್ನದು ಅನ್ನಿಸಲಿಲ್ಲ.

ಸೋಮವಾರ ಹಂಪನಕಟ್ಟೆಯಲ್ಲಿ ಇಳಿದೆ.
ಚೀಟಿ ಬರೆಯುವ ಹುಡುಗ "ಎಂತ ತೊಂದರೆ?" ಅಂದ.
ಹಿಂದೆ ಸಾಲು ಉಂಟು, ಸಾಲಿಗೆ ಕಿವಿ ಉಂಟು.
"ನಿದ್ದೆ" ಅಂದೆ.

ಮನಸ್ಸಿನ ಡಾಕ್ಟರರ ಬಾಗಿಲೆದುರು ಉದ್ದ ಬೆಂಚು.
ಅಲ್ಲಿ ಒಂದು ಬೆನ್ನು.
ಮುಖ ಕಾಣಲಿಲ್ಲ, ಬೇಕಾಗಲೂ ಇಲ್ಲ.
ಕುತ್ತಿಗೆಯ ಪೈಪಿಂಗು ನನ್ನದು,
ಬಲ ಭುಜದ ಅರ್ಧ ಇಂಚಿನ ಓರೆ ನಾನು ಮುಚ್ಚಿದ್ದು.
ಹದಿನಾಲ್ಕು ವರ್ಷದಿಂದ ಸೌಖ್ಯ ಅಂದವರು.

ತಿರುಗಿ ಹೋಗಬಹುದಿತ್ತು.
ಅವರೂ ನೋಡಿದರು, ಮೊದಲು ನನ್ನ ಚಪ್ಪಲಿಯನ್ನು.
ಸೌಖ್ಯವಾ ಅಂತ ಇಬ್ಬರೂ ಕೇಳಲಿಲ್ಲ.
ಬ್ಯಾಗನ್ನು ತೊಡೆಗೆ ಎತ್ತಿಕೊಂಡು
ಸ್ವಲ್ಪ ಸರಿದು ಕೂತರು.
ಬೆನ್ನಿನ ಮೇಲಿನ ಹುಕ್ಕು ಬಿಟ್ಟಿತ್ತು.
ಹಾಕಿದೆ.